ನಮ್ಮ ಬೀದಿಗೆ ರೈಲು ತಪ್ಪಿಸಿದ ಗೂಟ

ಇಂದ,
ಟೈಲರ್ (ಪ್ಯಾಂಟು ಉದ್ದ-ಗಿಡ್ಡ ಮಾಡಿಕೊಡುವವನು),
ನೀರಿನ ಟ್ಯಾಂಕಿನ ಹಿಂದಿನ ಬೀದಿ,
ಕೊನೆಯ ನಿಲ್ದಾಣದಿಂದ ಮೂರೂವರೆ ಕಿಲೋಮೀಟರು ಆಚೆ.

ಗೆ,
ಮುಖ್ಯ ಎಂಜಿನಿಯರ್ ಸಾಹೇಬರು,
ನಗರ ರೈಲು ಕಚೇರಿ, ನಾಲ್ಕನೇ ಮಹಡಿ (ಲಿಫ್ಟ್ ಕೆಟ್ಟಿದೆ).

ವಿಷಯ: ರೈಲನ್ನು ಇನ್ನೊಂದು ನಿಲ್ದಾಣದಷ್ಟು ಮುಂದಕ್ಕೆ ತಂದು, ಅರ್ಜಿದಾರನ ಸಂಸಾರವನ್ನು ಒಂದೇ ಮನೆಯಲ್ಲಿ ಉಳಿಸಿಕೊಡುವ ಬಗ್ಗೆ.

ಉಲ್ಲೇಖ: 1. "ಮಾರ್ಗವು ಬಚ್ಚಲಮನೆಯ ಮೂಲಕ ಹಾಯುವುದರಿಂದ ವಿಸ್ತರಣೆಯನ್ನು ಕೈಬಿಡಲಾಗಿದೆ" ಎಂಬ ತಮ್ಮ ಕಚೇರಿಯ ಪತ್ರ.
2. ಸದರಿ ಬಚ್ಚಲಮನೆ ನಮ್ಮದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಾಚಿಕೆ ಬಿಟ್ಟು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ನನಗೆ ಮದುವೆಯಾಗಿ ಎಂಟು ತಿಂಗಳು. ಪತ್ನಿಯು ಊರಿನ ಆ ತುದಿಯ ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಳೆ. ಬೆಳಿಗ್ಗೆ ಆರಕ್ಕೆ ಒಲೆ ಹಚ್ಚಬೇಕು. ನಮ್ಮಲ್ಲಿ ಮೊದಲ ಬಸ್ಸು ಏಳಕ್ಕೆ; ಸಂಜೆಯದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಾರಣ, ಸದರಿ ಪತ್ನಿಯು ಮೂರೂವರೆ ಕಿಲೋಮೀಟರು ನಡೆದು ತಮ್ಮ ರೈಲು ಹಿಡಿಯುತ್ತಾಳೆ, ಇಳಿದ ಮೇಲೆ ಅಷ್ಟೇ ನಡೆದು ಬರುತ್ತಾಳೆ. ಊಟಕ್ಕೆ ಕೂತವಳು ತುತ್ತು ಕೈಯಲ್ಲಿರುವಾಗಲೇ ತೂಕಡಿಸುತ್ತಾಳೆ. ಈ ಎಂಟು ತಿಂಗಳಲ್ಲಿ ನನ್ನೊಡನೆ ಮಾತಾಡಿದ್ದಕ್ಕಿಂತ ಆಕಳಿಸಿದ್ದೇ ಹೆಚ್ಚು.

2. ಆದ್ದರಿಂದ, ತಮ್ಮವರು ಮೂರು ಕಾಲಿನ ಯಂತ್ರ ಹೊತ್ತು ಬಂದು ಬೀದಿಯ ಮೂಲೆಯಲ್ಲಿ ರೈಲು ಮಾರ್ಗದ ಗುರುತಿಗೆ ಕೆಂಪು ತಲೆಯ ಗೂಟ ಹೊಡೆದ ದಿನ, ನಾನು ಖುಷಿಯಲ್ಲಿ ಗಿರಾಕಿಯೊಬ್ಬರ ಪ್ಯಾಂಟನ್ನು ನಾಲ್ಕು ಇಂಚು ಹೆಚ್ಚಿಗೆ ಕತ್ತರಿಸಿದೆ. ಅವರ ಕಣಕಾಲು ಇಂದಿಗೂ ಗಾಳಿ ಕುಡಿಯುತ್ತಿದೆ.

3. ಇನ್ನು ತಪ್ಪೊಪ್ಪಿಗೆ. ಗಟ್ಟಿಮುಟ್ಟಾದ ವಸ್ತು ಬೀದಿಯಲ್ಲಿ ಸುಮ್ಮನೆ ನಿಂತಿದ್ದರೆ ನನ್ನ ತಾಯಿಗೆ ಸಹಿಸಲಾಗದು; ಕಿತ್ತು ಮನೆಗೆ ತಂದರು. "ಏನಮ್ಮಾ ಇದು?" ಎಂದರೆ, "ಯಾರೋ ಹೊಡೆದು ಮರೆತು ಹೋಗಿದ್ರು ಕಣೋ. ಬಟ್ಟೆ ಹಗ್ಗ ಕಟ್ಟೋಕೆ ಎಷ್ಟು ಚೆನ್ನಾಗಿದೆ ನೋಡು" ಎಂದರು. ಸದರಿ ಗೂಟವು ಬಚ್ಚಲಮನೆಯ ಹಿಂದೆ ನೆಟ್ಟಗೆ ನಿಂತಿತ್ತು, ಅದರ ಹಗ್ಗದಲ್ಲಿ ನನ್ನ ಬನಿಯನ್ ಒಣಗುತ್ತಿತ್ತು. ನಾನೂ ನಕ್ಕು ಸುಮ್ಮನಾದೆ. ಕಾರಣ ತಪ್ಪಿನಲ್ಲಿ ಅರ್ಧ ಪಾಲು ನನ್ನದು.

4. ತಿಂಗಳ ಮೇಲೆ ತಮ್ಮ ಎರಡನೇ ತಂಡವು ಗೂಟ ಹುಡುಕುತ್ತಾ ನಮ್ಮ ಹಿತ್ತಲು ಹೊಕ್ಕಿತು. ಕಿತ್ತುಕೊಂಡು ಹೋದಾರು ಎಂಬ ಭಯಕ್ಕೆ ತಾಯಿಯವರು ಬಾಯಿ ಬಿಡಲಿಲ್ಲ. ಕುಡಿಯಲು ನೀರು ಮಾತ್ರ ಕೊಟ್ಟರು. ಬಂದವರು ಗೂಟ ಇದ್ದಲ್ಲಿಗೇ ಅಳತೆ ಹಿಡಿದು ಬರೆದುಕೊಂಡು ಹೋದರು. ಮುಂದಿನದ್ದು ಉಲ್ಲೇಖ ಒಂದರಲ್ಲಿದೆ. ಬೀದಿಯವರಿಗೆ ಇನ್ನೂ ಗೊತ್ತಿಲ್ಲ, ತಾವೂ ಹೇಳಬಾರದು.

5. ಪತ್ರ ಓದಿದ ಪತ್ನಿಯು ಜಗಳವಾಡಲಿಲ್ಲ. ಚಪ್ಪಲಿ ಬಿಚ್ಚಿ ಹಿಮ್ಮಡಿ ನೋಡಿಕೊಂಡು, "ನನ್ ಕೈಲಿ ಇನ್ನಾಗಲ್ಲ ರೀ. ಒಂದನೇ ತಾರೀಖಿಂದ ಆಸ್ಪತ್ರೆ ಹಾಸ್ಟೆಲಲ್ಲೇ ಇರ್ತೀನಿ. ರಜೆ ಸಿಕ್ಕಾಗ ಬರ್ತೀನಿ" ಎಂದಳು.

"ಅಮ್ಮನ ಮೇಲೆ ಕೋಪಾನಾ?"

"ಅತ್ತೆ ಮೇಲೆ ಯಾಕೆ ಕೋಪ? ನನ್ನ ಯೂನಿಫಾರ್ಮೂ ಅಲ್ಲೇ ತಾನೇ ಒಣಗ್ತಿದ್ದಿದ್ದು?"

ಇದನ್ನು ಕಚೇರಿಯ ಭಾಷೆಯಲ್ಲಿ ಹೇಗೆ ಬರೆಯಬೇಕೋ ತಿಳಿಯದು.

ಆದ್ದರಿಂದ, ಗೂಟವನ್ನು ಹಳೆಯ ಗುಂಡಿಯಲ್ಲೇ ಮರಳಿ ನೆಟ್ಟಿರುತ್ತೇನೆ. ಮರು ಅಳತೆ ಮಾಡಿಸಿ ರೈಲನ್ನು ನಮ್ಮತ್ತ ತರಬೇಕು. ಹೀಗೆ ನಡೆಯುವವರು ನಮ್ಮ ಬಡಾವಣೆಯಲ್ಲಿ ನೂರಾರು ಮಂದಿ. ಅವರ ಪ್ಯಾಂಟಿನ ಅಂಚು ಹೊಲಿಯುವವನು ನಾನೇ ಆದ್ದರಿಂದ ಎಷ್ಟು ಸವೆದಿವೆ ಎಂದು ಬಲ್ಲೆ. ಕೆಲಸಕ್ಕೆ ವರ್ಷಗಳು ಹಿಡಿಯುತ್ತವೆ ಎಂಬುದೂ ಗೊತ್ತು. ಒಂದನೇ ತಾರೀಖು ಮಾತ್ರ ನಾಳಿದ್ದೇ ಇದೆ.

ಇನ್ನೂ ತಮ್ಮ ರೈಲಿನ ವಿಶ್ವಾಸಿಯೇ ಆಗಿರುವ,
ಟೈಲರ್

ಲಗತ್ತುಗಳು:
ಅ) ಗೂಟದ ಫೋಟೊ (ಬನಿಯನ್ನು ತೆಗೆದ ನಂತರ).
ಆ) ತಾಯಿಯವರ ಕ್ಷಮಾಪಣೆ. ಇನ್ನೂ ಕೊಟ್ಟಿಲ್ಲ, "ಹಗ್ಗ ಎಲ್ಲಿ ಕಟ್ಲಿ ಈಗ?" ಎನ್ನುತ್ತಿದ್ದಾರೆ.

ಕಡೆಯದಾಗಿ: ರೈಲು ಬರುವವರೆಗೆ ಪತ್ನಿಯು ಸಂಜೆ ಕೊನೆಯ ನಿಲ್ದಾಣದ ತನಕ ಬಂದುಹೋಗಲು ಒಪ್ಪಿದ್ದಾಳೆ. ನಾನು ಅಲ್ಲಿಗೆ ನಡೆದು ಹೋಗುತ್ತೇನೆ. ಹಾಸ್ಟೆಲಿನ ಬಾಗಿಲು ಹಾಕುವ ಹೊತ್ತನ್ನು ಲೆಕ್ಕ ಹಾಕಿದರೆ ನಮಗೆ ನಲವತ್ತು ನಿಮಿಷ ಸಿಗುತ್ತದೆ. ತಮ್ಮ ಪ್ಲಾಟ್‌ಫಾರಂ ಬೆಂಚಿನಲ್ಲಿ ಹದಿನೈದು ನಿಮಿಷ ದಾಟಿದರೆ ಕಾವಲಿನವರು ಎಬ್ಬಿಸುತ್ತಾರೆ. ನಮ್ಮಿಬ್ಬರನ್ನು ಎಬ್ಬಿಸಬಾರದೆಂದು ಅವರಿಗೆ ಒಂದು ಸಾಲು ಬರೆದುಕೊಡಬೇಕಾಗಿ ವಿನಂತಿ.