ದೊಡ್ಡಮ್ಮನಿಗೊಂದು ಭಾನುವಾರ

ಬೆಟ್ಟದಪುರದ ನಮ್ಮ ದೊಡ್ಡಮ್ಮನ ಮನೆಗೆ ಬರಿಗೈಯಲ್ಲಿ ಹೋದರೆ ನೀವು ಬಚಾವು. ರೋಗಿಯನ್ನು ನೋಡುವ ಸಂಪ್ರದಾಯದಂತೆ ಬ್ರೆಡ್ಡು, ಮೂಸಂಬಿ ಹಿಡಿದು ಹೋದಿರೋ, ಕೆಟ್ಟಿರಿ!

ಲಕ್ವ ಹೊಡೆದು ಮಲಗಿದ್ದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡವಳು ಅವಳು. ದೊಡ್ಡಪ್ಪನಿಗೂ ಹೆತ್ತ ತಾಯಿಯೆಂದರೆ ಪ್ರಾಣ, ದಿನಾ ಬೆಳಿಗ್ಗೆ ಬಾಗಿಲಲ್ಲೇ ನಿಂತು "ಎಂಗಿದ್ದೀಯವ್ವ?" ಎಂದು ವಿಚಾರಿಸಿ ಹೊಲಕ್ಕೆ ಹೋಗುತ್ತಿದ್ದರು. ಗಂಡಸರಿಂದ ಅದಕ್ಕಿಂತ ಇನ್ನೇನು ಬಯಸುತ್ತೀರಿ?

ಒಮ್ಮೆ ಪಿರಿಯಾಪಟ್ಟಣದ ಬೀಗರೊಬ್ಬರು ರೇಷ್ಮೆ ಪಂಚೆಯುಟ್ಟು, ಮೂಸಂಬಿಯ ಚೀಲ ಹಿಡಿದು ಬಂದರು. ದೊಡ್ಡಮ್ಮ ಚೀಲ ಇಸಿದುಕೊಂಡು ಗಂಜಿಯ ಬಟ್ಟಲನ್ನು ಅವರ ಕೈಗಿಟ್ಟಳು.

"ಅಣ್ಣು ಅಂಗಡೀಲೂ ಸಿಕ್ತವೆ ಬೀಗ್ರೇ, ಆಳು ಸಿಕ್ಕಾಕಿಲ್ಲ. ನಿಧಾನಕ್ಕೆ ಕುಡಿಸ್ತಾ ಇರಿ, ತಲೆಗೆ ನೀರು ಉಯ್ಕಂಡು ಬತ್ತೀನಿ."

ಅವಳು ಮಿಂದು, ಕೂದಲು ಒಣಗಿಸಿಕೊಂಡು ಬರುವಷ್ಟರಲ್ಲಿ ಬೀಗರ ಬಸ್ಸು ಹೋಗಿತ್ತು. ರೇಷ್ಮೆ ಪಂಚೆಗೆ ಗಂಜಿ ಹಾಕಿದ್ದು ನಮ್ಮ ಸೀಮೆಯಲ್ಲಿ ಅದೇ ಮೊದಲಿರಬೇಕು!

ಹೊಗೆಸೊಪ್ಪಿನ ಕಾಲದಲ್ಲಿ ನಮ್ಮ ಕಡೆ ಮುಯ್ಯಾಳು ಪದ್ಧತಿ. ಇವತ್ತು ನಾನು ನಿನ್ನ ಕೆಲಸಕ್ಕೆ, ನಾಳೆ ನೀನು ನನ್ನ ಕೆಲಸಕ್ಕೆ. ದೊಡ್ಡಮ್ಮ ಎದುರುಮನೆಯ ಜಗಲಿಯಲ್ಲಿ ಕೂತು, ಒಂದು ಕಣ್ಣು ಅತ್ತೆಯ ಮಂಚದ ಕಡೆ ಇಟ್ಟುಕೊಂಡೇ, ದಿನವಿಡೀ ಸೊಪ್ಪನ್ನು ಒಣಗಿಸುವ ಕಡ್ಡಿಗೆ ಕಟ್ಟಿಕೊಟ್ಟಳು. ಮರುದಿನ ಎದುರುಮನೆಯಾಕೆ ಸೆರಗು ಬಿಗಿದು ಹೊಲಕ್ಕೆ ಹೊರಟು ಬಂದರೆ, ಇವಳು ನೇರ ಮಂಚದ ಹತ್ತಿರ ಕರೆದೊಯ್ದು "ನನ್ನೊಲ ಇದೇ ಕಣಮ್ಮಿ" ಎಂದಳು.

"ಇದ್ಯಾವ ಸೀಮೆ ಮುಯ್ಯಾಳಕ್ಕ?"

"ಸೊಪ್ಪು ಕಟ್ಟೋದು ಕೆಲ್ಸ, ಬೆನ್ನು ಒರ್ಸೋದು ಕೆಲ್ಸ ಅಲ್ವಾ?"

ಊರೆಲ್ಲ ನಕ್ಕಿತು. ಆಕೆ ಮಾತ್ರ ಬೆನ್ನು ಒರೆಸಿಯೇ ಹೋದಳು.

ಆ ವರ್ಷದ ಗ್ರಾಮಸಭೆಯಲ್ಲಿ ಒಬ್ಬರು ಚರಂಡಿ ಕೇಳಿದರು, ಇನ್ನೊಬ್ಬರು ಬೀದಿದೀಪ. ದೊಡ್ಡಮ್ಮ ಎದ್ದು "ನಂಗೊಂದು ಭಾನ್ವಾರ ಬೇಕು" ಎಂದಳು.

ಅಧಿಕಾರಿ ಕಕ್ಕಾಬಿಕ್ಕಿ. "ಅಜ್ಜಿಗೆ ಪಿಂಚಣಿ ಬರುತ್ತಿದೆಯಲ್ಲಮ್ಮ?"

"ಬತ್ತದೆ ಬುಡಿ ಸ್ವಾಮಿ. ಪಿಂಚಣಿ ಎದ್ದು ಅವ್ವನ ಮಗ್ಗುಲು ತಿರುಗಿಸ್ತದಾ?"

"ನೋಡಿಕೊಳ್ಳುವವರಿಗೆ ಅಂತ ಯಾವ ಸ್ಕೀಮೂ ಇಲ್ಲ."

"ಇಲ್ಲ ಅಂತಲೇ ಬರ್ಕೊಳ್ಳಿ. ಮೇಲಿನವ್ರಿಗೆ ಅದಾದ್ರೂ ಗೊತ್ತಾಗ್ಲಿ."

ಸಭೆಯೆಲ್ಲ ಗೊಳ್ಳೆಂದಿತು. ನಿಜ ಹೇಳಬೇಕೆಂದರೆ, ಸರ್ಕಾರಕ್ಕೆ ಮಲಗಿದವರಾದರೂ ಕಾಣುತ್ತಾರೆ. ಪಕ್ಕದಲ್ಲಿ ಕೂತವರು ಕಾಣುವುದೇ ಇಲ್ಲ. ನಗು ನಿಂತ ಮೇಲೆ ಹಿಂದಿನಿಂದ ಎದುರುಮನೆಯಾಕೆಯ ದನಿ ಕೇಳಿತು: "ಈ ಭಾನ್ವಾರ ನಾನು ಕೂತ್ಕತೀನಿ ಬುಡಕ್ಕ. ಮುಯ್ಯಿ ಗಿಯ್ಯಿ ಬ್ಯಾಡ."

ಹಾಗೆ ದೊಡ್ಡಮ್ಮ ಹುಣಸೂರಿನ ನಮ್ಮ ಮನೆಗೆ ಬಂದಳು. ತಂಗಿಯಾದ ನಮ್ಮಮ್ಮ ಒಬ್ಬಟ್ಟು ಮಾಡಿದ್ದಳು, ಸಂಜೆ ಸಿನಿಮಾಕ್ಕೆ ಹೋಗುವ ಮಾತೂ ಆಗಿತ್ತು. ದೊಡ್ಡಮ್ಮ ಕೇಳಿದ್ದು ಒಂದು ಚಾಪೆ. ಹಾಸಿದ್ದೇ ತಡ, ಗೊರಕೆ!

ಮಧ್ಯಾಹ್ನ ಒಬ್ಬಟ್ಟು ಆರಿತು. ನಿದ್ದೆಯಲ್ಲೇ ಅವಳ ಕೈ ಪಕ್ಕದ ನೆಲವನ್ನು ತಡವುತ್ತಿತ್ತು. "ತಿರುಗಿಸ್ಲಾ ಅತ್ತೆವ್ವ? ಬೆನ್ನು ನೋಯ್ತದಾ?" ಎಂದು ಕನವರಿಸಿದಳು. ನಾವು ಮಕ್ಕಳು ನಕ್ಕೆವು. ಅಮ್ಮ ನಗಲಿಲ್ಲ. ಮೆಲ್ಲಗೆ ಹೋಗಿ ಅಕ್ಕನ ಪಕ್ಕದಲ್ಲಿ ಮಲಗಿ, ಆ ಕೈಯನ್ನು ಹಿಡಿದುಕೊಂಡಳು.

"ಇಲ್ಲ ಕಣವ್ವ, ನಂಗೇನೂ ನೋಯ್ತಿಲ್ಲ. ನೀನು ಮನಿಕ್ಕೊ."