ಒಂದೇ ದಿನ ಸತ್ತವರಿಗೆ ಒಂದೇ ಎಲೆ

ಬೆಳಗ್ಗೆ ಎದ್ದ ಕೂಡಲೇ ಮನುಷ್ಯ ಏನನ್ನು ಹುಡುಕುತ್ತಾನೆ ಎಂಬುದರಲ್ಲೇ ಅವನ ಯೋಗ್ಯತೆ ಇದೆ ಎಂದು ನನ್ನ ನಂಬಿಕೆ. ಕೆಲವರು ಬೀಡಿ ಹುಡುಕುತ್ತಾರೆ, ಕೆಲವರು ಚಪ್ಪಲಿ ಹುಡುಕುತ್ತಾರೆ, ಇನ್ನು ಕೆಲವರು ಹಿಂದಿನ ದಿನ ಅರ್ಧಕ್ಕೆ ನಿಂತ ಜಗಳದ ತುದಿಯನ್ನು ಹುಡುಕುತ್ತಾರೆ. ನಾನು ಸತ್ತವರನ್ನು ಹುಡುಕುತ್ತೇನೆ. ಗಾಬರಿ ಬೇಡ, ಸತ್ತು ಬಹಳ ಕಾಲವಾದವರನ್ನು. ಓದಿದ್ದು ಚರಿತ್ರೆ, ಮಕ್ಕಳಿಗೆ ಹೇಳಿಕೊಡುವುದೂ ಚರಿತ್ರೆಯೇ. ಹೀಗಾಗಿ 'ಚರಿತ್ರೆಯಲ್ಲಿ ಈ ದಿನ' ಎಂದು ಮೊಬೈಲಿನಲ್ಲಿ ನೋಡದಿದ್ದರೆ ನನಗೆ ಬೆಳಗಾಗುವುದಿಲ್ಲ. ಅದರಲ್ಲೂ ಹುಟ್ಟಿದವರ ಮೇಲೆ ನನಗೆ ಅಷ್ಟು ಆಸಕ್ತಿಯಿಲ್ಲ. ಹುಟ್ಟಿದ ದಿನ ಎಲ್ಲರೂ ಒಂದೇ, ಅಳುತ್ತಾ ಮಲಗಿರುತ್ತಾರೆ. ಸಾಯುವ ದಿನಕ್ಕೆ ಒಬ್ಬ ಚಕ್ರವರ್ತಿ, ಇನ್ನೊಬ್ಬ ಗಣಿತಜ್ಞ, ಮತ್ತೊಬ್ಬ ಸಂಗೀತಗಾರ ಆಗಿರುತ್ತಾರೆ. ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡಿರದ ಇಂಥವರೆಲ್ಲ ಕ್ಯಾಲೆಂಡರಿನ ಒಂದೇ ಹಾಳೆಯ ಮೇಲೆ, ಬಸ್ಸಿನ ಒಂದೇ ಸೀಟಿನಲ್ಲಿ ಒತ್ತಿ ಕೂತಂತೆ ಕೂತಿರುವುದನ್ನು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ಅಮೆರಿಕದ ಇಬ್ಬರು ಹಳೆಯ ಅಧ್ಯಕ್ಷರ ಕಥೆ ನಿಮಗೆ ಗೊತ್ತಿರಬಹುದು. ಮೊದಲು ಗೆಳೆಯರು, ಆಮೇಲೆ ಹಗೆಗಳು, ಮುಪ್ಪಿನಲ್ಲಿ ಮತ್ತೆ ಗೆಳೆಯರು. ಇಬ್ಬರೂ ಒಂದೇ ವರ್ಷ, ಒಂದೇ ದಿನ ಹೋದರು. ಅದೂ ಅವರ ದೇಶ ಸ್ವಾತಂತ್ರ್ಯ ಘೋಷಿಸಿಕೊಂಡ ದಿನವೇ. ಇಂಗ್ಲೆಂಡಿನ ಒಬ್ಬ ನಾಟಕಕಾರ, ಸ್ಪೇನಿನ ಒಬ್ಬ ಕಾದಂಬರಿಕಾರ ಒಂದೇ ತಾರೀಕಿಗೆ ತೀರಿಕೊಂಡರೆಂದು ಲೋಕವೆಲ್ಲ ಬೆರಗಾಗುತ್ತದೆ. ಆದರೆ ಆಗ ಆ ಎರಡು ದೇಶಗಳ ಕ್ಯಾಲೆಂಡರೇ ಬೇರೆ ಬೇರೆ ಇದ್ದುದರಿಂದ ತಾರೀಕು ಒಂದಾದರೂ ದಿನ ಒಂದಲ್ಲವಂತೆ. ಇದನ್ನು ಹೇಳಿದಾಗ ನನ್ನ ತರಗತಿಯ ಮಕ್ಕಳು ಆಕಳಿಸುತ್ತಾರೆ. ನನ್ನ ಹೆಂಡತಿ ಸರೋಜ ಆಕಳಿಸುವುದಿಲ್ಲ, ಸೌಟು ಎತ್ತುತ್ತಾಳೆ. "ಕಾಪಿ ಕುಡಿಯಾಕೆ ಮುಂಚೆ ಅಡ್ಗೆಮನೆ ಒಳಕ್ಕೆ ಎಣ ತರ್ಬ್ಯಾಡಿ ಅಂತ ಎಷ್ಟು ಸಲ ಏಳೋದು? ಕಾಪಿ ಆದ್ಮೇಲೆ ಎಷ್ಟು ಬೇಕಾದ್ರೂ ತಂದು ಊತ್ಕಳಿ" ಎನ್ನುತ್ತಾಳೆ.

ನಮ್ಮ ಮನೆ ಎರಡು ರಾಜ್ಯಗಳ ಗಡಿಯಲ್ಲಿರುವ ತಿಗನಾರೆ ಎಂಬ ಊರಿನ ಅಂಚಿನಲ್ಲಿದೆ. ಮನೆಯ ಹಿಂದೆ ಹೊಲ, ಹೊಲದ ಹಿಂದೆ ಕಾಡು. ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಸಿಗುವುದು ಒಂದೇ ಕಡೆ, ಹೊಲದ ಹುಣಸೆಮರಕ್ಕೆ ಕಟ್ಟಿರುವ ಅಟ್ಟಣೆಯ ಮೇಲೆ. ಅಲ್ಲಿ ಕೂತರೆ ಮೊಬೈಲು ಒಂದು ಗಳಿಗೆ ತಮಿಳುನಾಡಿಗೆ ಸ್ವಾಗತ ಎನ್ನುತ್ತದೆ, ಇನ್ನೊಂದು ಗಳಿಗೆ ಕರ್ನಾಟಕಕ್ಕೆ ಸ್ವಾಗತ ಎನ್ನುತ್ತದೆ. ಎರಡು ಸರ್ಕಾರಗಳೂ ಅಷ್ಟು ಪ್ರೀತಿಯಿಂದ ಕರೆಯುವ ಜಾಗ ಅದೊಂದೇ. ಅಟ್ಟಣೆ ಕಟ್ಟಿದ್ದು ಆನೆ ಕಾಯುವುದಕ್ಕೆ. ನಾನು ದಿನಾ ಬೆಳಗ್ಗೆ ಅದನ್ನು ಹತ್ತುವುದನ್ನು ಕಂಡು ಊರಿನವರು, ಮೇಷ್ಟ್ರು ಓದಿದವರಾದರೂ ಹೊಲದ ಮೇಲೆ ಎಷ್ಟು ನಿಗಾ ಎಂದು ಮೆಚ್ಚಿಕೊಳ್ಳುತ್ತಿದ್ದರು. ಅಂದಿನ ಸತ್ತವರು ಯಾರು ಎಂದು ನೋಡಲು ಹತ್ತುತ್ತಿದ್ದೇನೆ ಎಂದು ನಾನೂ ಯಾರಿಗೂ ಹೇಳಲು ಹೋಗಿರಲಿಲ್ಲ.

ಇನ್ನು ನಮ್ಮ ಮನೆಯ ಸತ್ತವರ ವಿಚಾರಕ್ಕೆ ಬರಬೇಕು. ಊರಿನ ಬೇರೆಯವರೆಲ್ಲ ತಿಥಿ ನೋಡಿ ಹಿರಿಯರಿಗೆ ಎಡೆ ಇಡುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ತಾರೀಕು. ಇದು ನನ್ನ ದೊಡ್ಡಪ್ಪ ಮಾಡಿಟ್ಟ ಕಾನೂನು. ಅವರು ಊರಿನ ತಲಯಾರಿಯಾಗಿದ್ದವರು. ಅಧಿಕಾರಿಗಳು ಬಂದಾಗ ಮುಂದೆ ಮುಂದೆ ನಡೆದು ದಾರಿ ತೋರಿಸುವ ಕೆಲಸ. ಹಾಗೆ ನಡೆದೂ ನಡೆದೂ ತಾವೇ ಅರ್ಧ ಸರ್ಕಾರ ಎಂದುಕೊಂಡಿದ್ದರು. "ತಾಲ್ಲೂಕಾಪೀಸು ಒಪ್ಪಿದ್ ದಿನವೇ ದಿನ, ಅಮಾಸೆ ಉಣ್ಣಿಮೆ ಎಲ್ಲ ನಿಮ್ಮ ನಿಮ್ಮ ಅನುಕೂಲ" ಎನ್ನುತ್ತಿದ್ದರು. ಇದರ ಜೊತೆಗೆ ನಮ್ಮ ಮನೆಗೆ ಹಿಂದಿನಿಂದ ಬಂದ ಇನ್ನೊಂದು ಪದ್ಧತಿ ಉಂಟು: ಯಾವ ವರ್ಷ ಸತ್ತಿರಲಿ, ಒಂದೇ ದಿನ ಸತ್ತವರಿಗೆ ಒಂದೇ ಎಲೆ. ನನ್ನ ಮುತ್ತಜ್ಜಿಯೂ ಅವಳ ಸೊಸೆಯಾದ ನನ್ನ ಅಜ್ಜಿಯೂ ಹೀಗೆ ಸಿಕ್ಕಿಬಿದ್ದವರು. ಬದುಕಿದ್ದಾಗ ಅವರಿಬ್ಬರೂ ಒಂದೇ ಒಲೆಯ ಮುಂದೆ ಕೂತವರಲ್ಲ. ಈಗ ವರ್ಷಕ್ಕೊಮ್ಮೆ ಒಂದೇ ಬಾಳೆ ಎಲೆಯಲ್ಲಿ ಉಣ್ಣಬೇಕು. ಎಲೆಯ ನಡುವೆ ಉಪ್ಪಿನಿಂದ ಒಂದು ಬದು ಹಾಕಿ, ಆ ಕಡೆಗೊಂದು ಮುದ್ದೆ, ಈ ಕಡೆಗೊಂದು ಮುದ್ದೆ ಇಡುತ್ತೇವೆ. ಆದರೂ ಆ ದಿನ ದೀಪ ಆರದೆ ಇರುವುದಿಲ್ಲ. "ಶುರುವಾಯ್ತು ನೋಡು" ಎನ್ನುತ್ತಾಳೆ ದೊಡ್ಡವ್ವ, ಮತ್ತೆ ಕಡ್ಡಿ ಗೀರುತ್ತಾ.

ದೊಡ್ಡವ್ವ ಎಂದರೆ ಆ ತಲಯಾರಿ ದೊಡ್ಡಪ್ಪನ ಹೆಂಡತಿ, ಚಿಕ್ಕತಾಯಮ್ಮ. ನನಗೆ ಅನ್ನ ತಿನ್ನಲು ಕಲಿಸಿದ್ದು, ಬೈಗುಳ ತಿನ್ನಲು ಕಲಿಸಿದ್ದು ಎರಡೂ ಅವಳೇ. ದೊಡ್ಡಪ್ಪ ಒಬ್ಬರೇ ಮೊದಲು ಉಣ್ಣುತ್ತಿದ್ದರು. ಉಣ್ಣುವಾಗ ಯಾರೂ ಮಾತಾಡಬಾರದು. ಅವರು ಮಾತಾಡುವುದೂ ಒಂದೇ ಮಾತು, "ಉಪ್ಪು ಸಾಲ್ದು". ಅವರು ಕೈತೊಳೆದ ಮೇಲೆ ಮಿಕ್ಕಿದ್ದನ್ನು ದೊಡ್ಡವ್ವ ಉಣ್ಣಬೇಕು. ಮಿಗುವಂತೆ ಉಣ್ಣುವುದು ದೊಡ್ಡಪ್ಪನಿಗೆ ಅಭ್ಯಾಸವಿರಲಿಲ್ಲ.

ಮೊನ್ನೆ ದೊಡ್ಡಪ್ಪ ಸತ್ತ ದಿನ ಬಂತು. ಎಡೆಗೆ ಎಲೆ ಕೊಯ್ಯಲು ಬೆಳಗ್ಗೆ ದೊಡ್ಡವ್ವ ಹೊಲದ ಬಾಳೆಗೆ ಹೊರಟಳು. ಒಬ್ಬಳೇ ಹೋಗುವ ಕಾಲ ಇದಲ್ಲ. ಆನೆಗಳು ಸೋಲಾರ್ ಬೇಲಿಯ ಮೇಲೆ ಮರ ಕೆಡವಿ ಸೇತುವೆ ಮಾಡಿಕೊಂಡು ಬರುವಷ್ಟು ಎಂಜಿನಿಯರಿಂಗ್ ಕಲಿತಿವೆ. ಅದಕ್ಕೇ ನಾನು ಅಟ್ಟಣೆ ಹತ್ತಿ ಸುತ್ತಲೂ ನೋಡಿ 'ಏನೂ ಇಲ್ಲ' ಎಂದ ಮೇಲೆ ಅವಳು ಬಾಳೆಗೆ ನುಗ್ಗಬೇಕು ಎಂದು ಮಾತಾಯಿತು. ಹತ್ತಿದೆ. ಸುತ್ತ ನೋಡಿದೆ. ನಿಜವಾಗಿಯೂ ನೋಡಿದೆ. "ಏನೂ ಇಲ್ಲ ದೊಡ್ಡವ್ವ" ಎಂದೆ. ಅವಳು ಒಳಗೆ ಹೋದಳು. ಅಷ್ಟರಲ್ಲಿ ಜೇಬಿನಲ್ಲಿ ಮೊಬೈಲು ಟಿಂಗ್ ಎಂದಿತು. ಕರ್ನಾಟಕ ಸ್ವಾಗತಿಸಿತು. ಕಾಯುವ ಕೆಲಸಕ್ಕೆ ಕಳಿಸಿದವನನ್ನು ಊರಲ್ಲಿ ಸಿಗ್ನಲ್ ಸಿಗುವ ಒಂದೇ ಜಾಗದಲ್ಲಿ ಕೂರಿಸಿದರೆ ಏನಾಗುತ್ತದೋ ಅದೇ ಆಯಿತು.

"ದೊಡ್ಡವ್ವಾ, ಇವತ್ತು ಒಬ್ಬ ಚಕ್ರವರ್ತಿ ಸತ್ತವ್ನೆ!" ಎಂದು ಮೇಲಿಂದ ಕೂಗಿದೆ.

"ಅಯ್ಯೋ ಪಾಪ. ಯಾವಾಗ್ಲಾ?"

"ಮುನ್ನೂರು ವರ್ಷದ ಮೇಲಾಯ್ತು."

"ಅಂಗಾದ್ರೆ ಸೂತ್ಕ ಇಲ್ಲ ಬುಡು" ಎಂದಳು ಬಾಳೆಯೊಳಗಿಂದ. ಎಲೆಯ ದಂಟನ್ನು ಕುಡುಗೋಲು ಕಚ್ಚಿದ ಸದ್ದು ಕೇಳಿಸಿತು.

"ಒಬ್ಬ ಖಗೋಳ ವಿಜ್ಞಾನೀನೂ ಅವ್ನೆ" ಎಂದೆ. ಉತ್ತರ ಬರಲಿಲ್ಲ. ವಿಜ್ಞಾನಿ ಎಂದರೆ ಅವಳಿಗೆ ಅಷ್ಟಕ್ಕಷ್ಟೇ ಎಂದುಕೊಂಡು ಇನ್ನೂ ಕೆಳಗೆ ಓದುತ್ತಾ ಹೋದೆ. ಆಮೇಲೆ ಎಲ್ಲೋ ಗೋಣಿಚೀಲ ಹರಿದಂಥ ಸದ್ದಾಯಿತು. ತಲೆ ಎತ್ತಿದೆ. ಬಾಳೆಯ ದಿಂಡನ್ನು ಸೀಳಿ ಬಾಯಿಗಿಟ್ಟುಕೊಂಡು, ಗಿಡಗಳ ನಡುವೆ ಒಂಟಿ ಸಲಗ ನಿಂತಿತ್ತು. ಅದರ ಎದುರಿಗೆ, ಎರಡು ಬಾಳೆಗಿಡದಷ್ಟು ದೂರದಲ್ಲಿ, ಕೊಯ್ದ ಎಲೆಯನ್ನು ಎದೆಗೆ ಹಿಡಿದುಕೊಂಡು ದೊಡ್ಡವ್ವ ನಿಂತಿದ್ದಳು.

ಅಲ್ಲಿಂದ ಮುಂದಿನದನ್ನು ನಾನು ಈಗಲೂ ದಿನಕ್ಕೆ ಹಲವು ಸಲ ನೋಡುತ್ತೇನೆ. ಪಾಠ ಮಾಡುವಾಗ ನೋಡುತ್ತೇನೆ, ಹಲ್ಲುಜ್ಜುವಾಗ ನೋಡುತ್ತೇನೆ, ಯಾರಾದರೂ ಕಾಗದ ಹರಿದರೆ ಕೂತಲ್ಲೇ ಬೆವರುತ್ತೇನೆ. ಪ್ರತಿ ಸಲವೂ ನಾನು ಕಿರುಚಬೇಕು ಎಂದುಕೊಳ್ಳುತ್ತೇನೆ. ಆನೆ ಓಡಿಸಲು ಇಟ್ಟಿದ್ದ ಪಟಾಕಿ ಕೈಗೆಟುಕುವಲ್ಲೇ ಇತ್ತು. ತಗಡಿನ ಡಬ್ಬ ಇತ್ತು, ಬಡಿಯಲು ಕೋಲು ಇತ್ತು. ಇಡೀ ತರಗತಿಯನ್ನು ಒಂದೇ ಕೂಗಿಗೆ ಸುಮ್ಮನಾಗಿಸುವ ಗಂಟಲೂ ಇತ್ತು. ಯಾವುದೂ ಕೆಲಸಕ್ಕೆ ಬರಲಿಲ್ಲ. ಇಡೀ ಮೈಯಲ್ಲಿ ತಲೆಯೊಂದೇ ಓಡುತ್ತಿತ್ತು, ಅದೂ ಹಳೆಯ ದಾರಿಯಲ್ಲೇ. ಇವತ್ತೇ ದೊಡ್ಡವ್ವ ಹೋದರೆ ಚಕ್ರವರ್ತಿ ಹೋದ ದಿನವೇ ಹೋದಂತಾಯಿತಲ್ಲ ಎಂದು ಅದು ಲೆಕ್ಕ ಹಾಕಿತು. ಅಂಥ ತಲೆಯನ್ನು ಆನೆಯ ಕಾಲಡಿಗೆ ಇಟ್ಟರೂ ಪಾಪವಿಲ್ಲ.

ಆನೆ ಕಿವಿ ಅಗಲಿಸಿತು. ಒಂದು ಹೆಜ್ಜೆ ಮುಂದಿಟ್ಟಿತು. ಆಗ ದೊಡ್ಡವ್ವ ಮಾತಾಡಿದಳು. ಕೂಗಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಪಂಚಾಯಿತಿ ಕಟ್ಟೆಯ ಮುಂದೆ ನಿಂತು ನ್ಯಾಯ ಹೇಳುವ ದನಿ.

"ನಿಂತ್ಕಳಪ್ಪ ಸಾಮಿ. ನಿಂತ್ಕಂಡು ಕೇಳು. ಇವತ್ತು ಬ್ಯಾಡ. ಇವತ್ತು ನನ್ನ ಗಂಡ ಸತ್ತ ದಿನ. ಇವತ್ತೇ ನಾನೂ ಸತ್ರೆ ನಮ್ಮನೇವ್ರು ಇಬ್ಬರ್ಗೂ ಒಂದೇ ಎಲೆ ಇಕ್ಬುಡ್ತಾರೆ. ಬದುಕಿರೋಗಂಟ ಅವ್ರು ಉಂಡು ಮಿಕ್ಕಿದ್ನೇ ಉಂಡೆ. ಸತ್ತ ಮ್ಯಾಲೂ ಅವ್ರ ಎಲೇಲೇ ಕೈ ಇಕ್ಬೇಕಾ? ಉಪ್ಪು ಸಾಲ್ದು ಅಂತ ಅಲ್ಲೂ ಅನ್ನುಸ್ಕೋಬೇಕಾ? ನನ್ಗೆ ನಂದೇ ಒಂದ್ ಎಲೆ ಬೇಕು ಕಣಪ್ಪ. ನಾಳೆ ಬಾ. ನಾಳೆ ಆಗ್ದಿದ್ರೆ ನಾಡಿದ್ದು ಬಾ. ಬ್ಯಾಡ ಅನ್ನಕಿಲ್ಲ. ಇವತ್ತೊಂದಿನ ಓಗು."

ಆನೆ ಕೇಳಿತು. ನಾನು ಓದಿದವನು, ಆನೆಗೆ ಕನ್ನಡ ಬರುತ್ತದೆಂದು ಹೇಳಲಾರೆ. ಅದರ ಹೊಟ್ಟೆ ತುಂಬಿತ್ತೋ, ಗಾಳಿ ಆ ಕಡೆಯಿಂದ ಬೀಸಿತೋ, ನನಗೆ ಗೊತ್ತಿಲ್ಲ. ಆದರೆ ಅಗಲಿಸಿದ ಕಿವಿಯನ್ನು ಅದು ನಿಧಾನವಾಗಿ ಮಡಿಸಿಕೊಂಡದ್ದನ್ನು ಈ ಕಣ್ಣುಗಳೇ ನೋಡಿವೆ. ಅರ್ಧ ತಿಂದ ದಿಂಡನ್ನು ಸೊಂಡಿಲಲ್ಲಿ ಎತ್ತಿಕೊಂಡು, ಬುತ್ತಿ ಕಟ್ಟಿಕೊಂಡ ದಾರಿಹೋಕನಂತೆ, ಬೇಲಿಯ ಕಡೆಗೆ ತಿರುಗಿ ನಡೆಯಿತು.

ನಾನು ಹೇಗೆ ಇಳಿದೆನೋ ತಿಳಿಯದು. ಅರ್ಧ ಇಳಿದೆ, ಅರ್ಧ ಬಿದ್ದೆ. ದೊಡ್ಡವ್ವ ಬದುವಿನ ಮೇಲೆ ಕೂತಿದ್ದಳು. ಹತ್ತಿರ ಹೋದಾಗ ಕಂಡಿತು: ಅವಳ ಕೈಯಲ್ಲಿದ್ದ ಎಲೆ ಚಿಂದಿ ಚಿಂದಿಯಾಗಿತ್ತು. ಅಷ್ಟು ಹೊತ್ತೂ ದನಿ ನಡುಗದಂತೆ ಹಿಡಿದವಳು ನಡುಕವನ್ನೆಲ್ಲ ಉಗುರಿಗೆ ಕಳಿಸಿ ಎಲೆಯನ್ನು ಸೀಳಿಹಾಕಿದ್ದಳು. ನಾನು ಅವಳ ಪಾದ ಹಿಡಿದುಕೊಂಡು ಅಳತೊಡಗಿದೆ.

"ಅಳೋದು ಆಮೇಲೆ ಅಳೀವಂತೆ. ಎಲೆ ಕೆಟ್ಟೋಯ್ತು, ಇನ್ನೊಂದು ಕುಯ್ಕಬಾ ಓಗು" ಎಂದಳು.

ನಾನು ಹೋದೆ. ಎಲ್ಲಕ್ಕಿಂತ ಹತ್ತಿರದ, ಎಲ್ಲಕ್ಕಿಂತ ಚಿಕ್ಕ ಗಿಡದಿಂದ ಒಂದು ಎಲೆ ಕಿತ್ತುಕೊಂಡು ಓಡಿಬಂದೆ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದೇನ್ಲಾ, ಇಲಿಗೆ ಎಡೆ ಇಕ್ಕಾಕಾ?" ಎಂದು ಎದ್ದು, ಆನೆ ನಿಂತಿದ್ದ ಜಾಗಕ್ಕೇ ಹೋಗಿ, ದೊಡ್ಡ ಎಲೆಗಳು ಎರಡನ್ನು ಕೊಯ್ದು ತಂದಳು. ಎರಡು ಯಾಕೆ ಎಂದು ಕೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಉತ್ತರ ಸಂಜೆ ಸಿಕ್ಕಿತು. ದೊಡ್ಡಪ್ಪನ ಎಲೆಗೆ ಮುದ್ದೆ, ಹುರುಳಿಕಾಳಿನ ಸಾರು, ಹುಚ್ಚೆಳ್ಳು ಚಟ್ನಿ ಬಡಿಸಿದಳು. ಪಕ್ಕದ ಎಲೆಗೆ ತಲೆಗಾತ್ರದ ಒಂದು ಮುದ್ದೆ, ಒಂದು ಚಿಪ್ಪು ಬಾಳೆಹಣ್ಣು, ಒಂದು ಅಚ್ಚು ಬೆಲ್ಲ.

"ಅದ್ಯಾರ್ದು ಅತ್ತೆ?" ಎಂದಳು ಸರೋಜ.

"ಆ ಸಾಮೀದು."

"ಬದುಕಿರೋದಕ್ಕೆ ಎಡೆ ಇಕ್ಕಬಾರ್ದು ದೊಡ್ಡವ್ವ" ಎಂದು ನಾನು ಶಾಸ್ತ್ರ ತೆಗೆದೆ.

"ಅಂಗಾದ್ರೆ ಊಟ ಅನ್ಕೊ. ಅಷ್ಟು ವರ್ಷ ಇವ್ರ ಜೊತೇಲಿ ಬಾಳಾಟ ಮಾಡ್ದೆ, ಒಂದಿನ ನನ್ನ ಮಾತ ಕೊನೇಗಂಟ ಕೇಳ್ಲಿಲ್ಲ. ಅದು ನಿಂತು ಪೂರ್ತಿ ಕೇಳ್ತು ಕಣ್ಲಾ" ಎಂದಳು. ಹಾಗೆಂದವಳು ಬಗ್ಗಿ, ದೊಡ್ಡಪ್ಪನ ಸಾರಿಗೆ ಇನ್ನೊಂದು ಚಿಟಿಕೆ ಉಪ್ಪು ಉದುರಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಸೌದೆ ಹೊಗೆ" ಎಂದಳು. ನಮ್ಮ ಮನೆಯಲ್ಲಿ ಗ್ಯಾಸ್ ಒಲೆ ಬಂದು ಬಹಳ ಕಾಲವಾಗಿದೆ.

ಈ ವೀರರು, ದಿಗ್ವಿಜಯ ಮಾಡಿದವರು, ಗ್ರಹಗಳ ದಾರಿ ಕಂಡುಹಿಡಿದವರು ಎಲ್ಲರ ಮೇಲೂ ನನಗೆ ಈಗಲೂ ಗೌರವವಿದೆ. ಆದರೆ ಸಾವು ಎದುರಿಗೆ ನಿಂತು ಬಾಳೆದಿಂಡು ಅಗಿಯುತ್ತಿರುವಾಗ 'ಇವತ್ತು ಪುರಸೊತ್ತಿಲ್ಲ, ನಾಳೆ ಬಾ' ಎಂದು ಅದಕ್ಕೆ ತಾರೀಕು ಕೊಟ್ಟು ಕಳಿಸಿದವರು ಅವರಲ್ಲಿ ಯಾರಾದರೂ ಇದ್ದಾರೆಯೇ ಎಂದು ನನಗೆ ಅನುಮಾನ. ಊಟಕ್ಕೆ ಕೂತಾಗ ಇದನ್ನೇ ದೊಡ್ಡವ್ವನಿಗೆ ಹೇಳಲು ಹೊರಟು, ಮಧ್ಯದಲ್ಲಿ ನನ್ನ ಹಳೆಯ ಚಟ ಬಾಯಿಗೆ ಬಂತು. "ಒಂದು ವೇಳೆ ಆನೆ ಮರಾನೇ ಕೆಡವಿದ್ದಿದ್ರೆ ನನಗೂ ಚಕ್ರವರ್ತಿ ದಿನವೇ ಆಗ್ತಿತ್ತಲ್ಲ ದೊಡ್ಡವ್ವ" ಎಂದೆ, ಸ್ವಲ್ಪ ಎದೆ ಸೆಟೆಸಿಯೇ.

ಸರೋಜ ಸೌಟಿಗೆ ಕೈ ಹಾಕಿದಳು. ದೊಡ್ಡವ್ವ ಮಾತ್ರ ಮುದ್ದೆ ಮುರಿಯುವುದನ್ನು ನಿಲ್ಲಿಸದೆ ಹೇಳಿದಳು: "ಮೊದ್ಲು ಆ ಚಕ್ರವರ್ತೀನ ಒಂದ್ ಮಾತು ಕೇಳ್ಲಾ ಮಗ. ಮರದ ಮ್ಯಾಲೆ ಕುಂತು ಬಾಯಿ ಬುಡದೆ ಇದ್ದೋನ ಜೊತೇಲಿ ಒಂದೇ ಎಲೇಲಿ ಉಣ್ತಾನಾ ಅಂತ."

ಕೇಳಬಹುದಿತ್ತು. ಆದರೆ ಆ ಚಕ್ರವರ್ತಿ ಸಿಗುವುದು ಅಟ್ಟಣೆಯ ಮೇಲೆ ಮಾತ್ರ, ಸಿಗ್ನಲ್ ಇರುವಲ್ಲಿ. ಆ ದಿನದಿಂದ ಅದನ್ನು ನಾನು ಇನ್ನೂ ಹತ್ತಿಲ್ಲ.