ಅತ್ತೆಗೊಂದು ಗಾಲಿಯ ಅಡುಗೆಮನೆ

ನಾನೂ ನನ್ನ ಹೆಂಡತಿ ನಿರುಪಮಾಳೂ ನೈರೋಬಿಗೆ ಬಂದ ಮೇಲೆ ಒಂದೇ ಒಂದು ಸಲವೂ ಒಟ್ಟಿಗೆ ಪ್ರವಾಸ ಹೋಗಿರಲಿಲ್ಲ. ಇದನ್ನು ಹೊರಗೆ ಹೇಳಿಕೊಂಡರೆ ಜನ ಬೇರೆ ಏನೋ ಅರ್ಥ ಮಾಡಿಕೊಳ್ಳುತ್ತಾರೆ, ಆದ್ದರಿಂದ ನಿಮಗೆ ಮಾತ್ರ ಹೇಳುತ್ತಿದ್ದೇನೆ. ನಮ್ಮ ಮನೆಯ ಫೋಟೋಗಳನ್ನೇ ನೋಡಿ. ಮಸಾಯಿ ಮಾರಾದಲ್ಲಿ ತೆಗೆದವುಗಳಲ್ಲಿ ನಾನಿದ್ದೇನೆ, ಮಗಳು ವರ್ಷಿಣಿ ಇದ್ದಾಳೆ, ಹಿಂದೆ ಹೊಟ್ಟೆ ತುಂಬಿಸಿಕೊಂಡು ಮಲಗಿರುವ ಸಿಂಹವಿದೆ, ಹೆಂಡತಿ ಮಾತ್ರ ಇಲ್ಲ. (ನೋಡಿದವರಿಗೆ ಸಿಂಹದ ಮೇಲೆಯೇ ಅನುಮಾನ ಬರಬೇಕು.) ನಕುರುವಿನ ಫೋಟೋಗಳಲ್ಲಿ ಹೆಂಡತಿ ಇದ್ದಾಳೆ, ಮಗಳಿದ್ದಾಳೆ, ನಾನಿರಬೇಕಾದ ಜಾಗದಲ್ಲಿ ಒಂದು ಘೇಂಡಾಮೃಗ ನಿಂತಿದೆ.

ಇದಕ್ಕೆಲ್ಲ ಕಾರಣ ನಮ್ಮ ಅತ್ತೆ, ನಿರುಪಮಾಳ ತಾಯಿ ಕಾತ್ಯಾಯಿನಿಯವರು. ಮಾವನವರು ತೀರಿಕೊಂಡ ಮೇಲೆ ಮೈಸೂರಿನಿಂದ ಬಂದು ಹೈರಿಡ್ಜಿನ ನಮ್ಮ ಫ್ಲ್ಯಾಟಿನಲ್ಲಿಯೇ ಇದ್ದಾರೆ. ಬಹಳ ಒಳ್ಳೆಯವರು. ಗಟ್ಟಿಯಾಗಿ ಮಾತಾಡಿದವರಲ್ಲ. ಅವರದೊಂದೇ ತೊಡಕೆಂದರೆ ಹೊರಗಿನದನ್ನು ಮುಟ್ಟುವುದಿಲ್ಲ. ಮನೆಯ ಒಲೆ, ಮನೆಯ ಪಾತ್ರೆ, ಮನೆಯವರ ಕೈ. ಹೋಟೆಲಿನಲ್ಲಿ ಇದೆಲ್ಲ ಆಗುವ ಮಾತೇ? ಹಾಗಾಗಿ ರಜೆ ಬಂದಾಗಲೆಲ್ಲ ನಮ್ಮಿಬ್ಬರಲ್ಲಿ ಒಬ್ಬರು ಮಗಳನ್ನು ಕರೆದುಕೊಂಡು ಹೋಗುವುದು, ಇನ್ನೊಬ್ಬರು ಅತ್ತೆಯ ಜೊತೆ ಉಳಿದು ಸಾರು ಮಾಡುವುದು, ಇದು ನಾಲ್ಕು ವರ್ಷದಿಂದ ನಡೆದುಬಂದ ಸಂಪ್ರದಾಯ. ಈಚೆಗೆ ಅವರು ಸೋಮವಾರ ಒಪ್ಪೊತ್ತನ್ನೂ ಶುರು ಮಾಡಿದ್ದರು. ಮಡಿ ಇನ್ನೂ ಬಿಗಿಯಾಗುತ್ತಿದೆ ಎಂದು ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತು ಪಿಸುಗುಟ್ಟಿಕೊಂಡಿದ್ದೆವು.

ವರ್ಷಿಣಿಗೆ ಹದಿನೈದು ತುಂಬಿತು. ಇನ್ನೊಂದೆರಡು ವರ್ಷ ಕಳೆದರೆ ಅವಳು ನಮ್ಮ ಜೊತೆ ಪ್ರವಾಸಕ್ಕೆ ಬರುವವಳಲ್ಲ, ಯಾರ ಜೊತೆ ಹೋಗುತ್ತಾಳೆಂದು ಹೇಳುವವಳೂ ಅಲ್ಲ. ಅಷ್ಟರೊಳಗೆ ಒಮ್ಮೆ ನಾಲ್ವರೂ ಸೇರಿ ಎಲ್ಲಾದರೂ ಹೋಗಬೇಕು ಎಂದು ನಾನು ಕೊರಗುತ್ತಿದ್ದಾಗಲೇ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಲೊರೆಶೋದ ಡಾಕ್ಟರ್ ಡೆಂಜಿಲ್ ಒಂದು ಚಿತ್ರ ಹಾಕಿದರು: ಎರಡು ಗಾಲಿಯ ಬಿಳಿಯ ಕ್ಯಾರವಾನ್, ಮಾರಾಟಕ್ಕಿದೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆ! ಒಳಗೆ ಹಾಸಿಗೆ, ಸಿಂಕು, ಎರಡು ಬರ್ನರಿನ ಗ್ಯಾಸ್ ಒಲೆ. ಅತ್ತೆ ಹೋಟೆಲಿಗೆ ಬಾರದಿದ್ದರೇನು, ಅಡುಗೆಮನೆಯನ್ನೇ ಆಫ್ರಿಕಾ ಖಂಡದ ಉದ್ದಗಲಕ್ಕೂ ಕೊಂಡೊಯ್ದರಾಯಿತು! ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಕೂತಿದ್ದ ನನ್ನ ಮೈಮೇಲೆ ಯಾವುದೋ ಚಕ್ರವರ್ತಿ ಬಂದಂತಾಯಿತು.

ಊಟಕ್ಕೆ ಕೂತಾಗ ವಿಷಯ ಎತ್ತಿದೆ.

"ನಾವು ಒಂದು ಕ್ಯಾರವಾನ್ ತಗೊಂಡ್ರೆ ಹೇಗೆ?"

ಅತ್ತೆಯ ಮುಖ ಅರಳಿತು. "ಖಾರಾಬನ್ನಾ? ಇಲ್ಲೂ ಸಿಗುತ್ತೇನು?"

"ಖಾರಾಬನ್ ಅಲ್ಲ ಅತ್ತೆ, ಕ್ಯಾರವಾನ್. ಗಾಡಿ. ಅದರೊಳಗೆ ಅಡುಗೆಮನೆ ಇರುತ್ತೆ."

"ಓ," ಎಂದು ಅವರು ಮತ್ತೆ ತಟ್ಟೆಯ ಕಡೆಗೆ ತಿರುಗಿದರು.

ನಿರುಪಮಾ ಸಾರು ಬಡಿಸುತ್ತಿದ್ದ ಸೌಟನ್ನು ಅಲ್ಲಿಯೇ ನಿಲ್ಲಿಸಿದಳು. "ಅಂದ್ರೆ, ಇಲ್ಲಿ ನಿಂತ್ಕೊಂಡು ಅಡುಗೆ ಮಾಡೋ ಬದಲು ನಾನು ಕಾಡಿಗೆ ಹೋಗಿ ಬಗ್ಗಿಕೊಂಡು ಅಡುಗೆ ಮಾಡ್ಬೇಕು. ಅದಕ್ಕೆ ರಜಾ ಅಂತ ಹೆಸರು."

"ಹಾಗಲ್ವೇ..."

"ಮತ್ತೆ ಹೇಗ್ರೀ? ನೀವು ಸಿಂಹ ನೋಡ್ತೀರಿ. ನಾನು ಕುಕ್ಕರ್ ನೋಡ್ತೀನಿ."

"ಅಪ್ಪಾ, ವೇರ್ ಡು ವಿ ಈವನ್ ಪಾರ್ಕ್ ಇಟ್?" ಎಂದಳು ವರ್ಷಿಣಿ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ವಿರೋಧಿಸುವುದು ಮಾತ್ರ ಇಂಗ್ಲಿಷಿನಲ್ಲಿ.

ನಾನು ಎದ್ದು ನಿಂತು, ಎಡಗೈಯಲ್ಲಿ ಕುರ್ಚಿ ಹಿಡಿದು, ಭೀಷ್ಮಪ್ರತಿಜ್ಞೆ ಮಾಡಿದೆ. "ಕ್ಯಾರವಾನಿನಲ್ಲಿ ಅಡುಗೆ ನನ್ನದು. ನೀನು ಒಲೆಯ ಕಡೆ ತಿರುಗಿ ಕೂಡ ನೋಡ್ಬೇಡ."

ನಿರುಪಮಾ ತಾಯಿಯ ಮುಖ ನೋಡಿದಳು. ಅತ್ತೆ ಮಜ್ಜಿಗೆ ಬಡಿಸಿಕೊಂಡರು.

ಭಾನುವಾರ ಎಲ್ಲರೂ ಲೊರೆಶೋಗೆ ಹೋದೆವು. ಡೆಂಜಿಲ್ ಮಂಗಳೂರಿನ ಕಡೆಯವರು, ಈ ಊರಿನಲ್ಲಿ ನೆಲೆಸಿ ನಲವತ್ತು ವರ್ಷವಾಗಿದೆ. ಹಿತ್ತಿಲಲ್ಲಿ ಅವೊಕಾಡೊ ಮರದ ಕೆಳಗೆ ಕ್ಯಾರವಾನ್ ನಿಂತಿತ್ತು. ಬಾಗಿಲು ತೆಗೆದ ಕೂಡಲೇ ಎರಡು ಕೋಳಿಗಳು ಗಾಂಭೀರ್ಯದಿಂದ ಇಳಿದು ಹೋದವು.

"ಮಕ್ಕಳೆಲ್ಲ ದೊಡ್ಡವರಾಗಿ ಹೋದ್ರು ಮಾರಾಯ್ರೆ," ಎಂದರು ಡೆಂಜಿಲ್. "ಈಗ ಕೋಳಿಗಳು ಇದರಲ್ಲಿ ಮೊಟ್ಟೆ ಇಡ್ತವೆ. ನನ್ನ ಹೆಂಡತಿ ಫಿಲೋಮಿನಾ ನಿನ್ನೆ ಇಡೀ ದಿನ ತೊಳೆದಿದ್ದಾಳೆ."

ಅತ್ತೆಗೆ ಕೋಳಿ ಕಾಣದಿರಲಿ ಎಂದು ನಾನು ಅಡ್ಡ ನಿಂತೆ. ಅವರು ನನ್ನ ಭುಜದ ಪಕ್ಕದಿಂದ ಇಣುಕಿ, "ಎಷ್ಟು ಮುದ್ದಾಗಿವೆ," ಎಂದರು.

"ತಗೊಳ್ಳುವ ಮೊದಲು ಒಂದು ದಿನ ಎಳ್ಕೊಂಡು ಹೋಗಿ ನೋಡಿ," ಎಂದರು ಡೆಂಜಿಲ್. "ಆಮೇಲೆ ಮನೆಯವರು ಬೇಡ ಅಂದ್ರೆ ನಿಮಗೂ ಬೇಜಾರು, ನನಗೂ ಬೇಜಾರು."

ಎಳೆಯಬೇಕಾದರೆ ಕಾರಿಗೆ ಕೊಕ್ಕೆ ಬೇಕು. ಅದನ್ನು ನಾನು ಆಗಲೇ ಗ್ಯಾರೇಜಿನಲ್ಲಿ ಹಾಕಿಸಿಯಾಗಿತ್ತು. ಹೆಂಡತಿಗೆ ಸಮಯ ನೋಡಿ ತಿಳಿಸೋಣವೆಂದುಕೊಂಡಿದ್ದೆ. ಆದರೆ ಆ ಕೊಕ್ಕೆ ತಾನಾಗಿಯೇ ಅವಳ ಮೊಣಕಾಲಿನ ಕೆಳಗೆ ಬಡಿದು ಪರಿಚಯ ಮಾಡಿಕೊಂಡಿತು. ಅವಳು ಏನಂದಳೆಂದು ಇಲ್ಲಿ ಬರೆಯುವುದಿಲ್ಲ, ಮನೆಯಲ್ಲಿ ಮಕ್ಕಳು ಓದುತ್ತಾರೆ.

ಆಗಸ್ಟ್ ರಜೆಯ ಒಂದು ಶನಿವಾರ ನಮ್ಮ ದಿಗ್ವಿಜಯ ಯಾತ್ರೆ ಹೊರಟಿತು. ನೈವಾಶಾ ಸರೋವರದ ದಡದಲ್ಲಿ ಮಧ್ಯಾಹ್ನದ ಊಟ, ಸಂಜೆಗೆ ವಾಪಸ್ಸು. ವೈಯಾಕಿ ವೇ ಹೆದ್ದಾರಿಗೆ ಬಂದ ಕೂಡಲೇ ನನಗೆ ಒಂದು ಸತ್ಯ ತಿಳಿಯಿತು: ಕ್ಯಾರವಾನ್ ಕಟ್ಟಿದ ಕಾರು ಓಡಿಸುವವನಿಗೆ ಹಿಂದಿನದೇನೂ ಕಾಣುವುದಿಲ್ಲ, ಹಿಂದಿನವರಿಗೆ ಮುಂದಿನದೇನೂ ಕಾಣುವುದಿಲ್ಲ. ಮಟಾಟು ಎಂಬ ಬಾಡಿಗೆ ವ್ಯಾನುಗಳೆಲ್ಲ ಹಾರ್ನ್ ಹೊಡೆದುಕೊಂಡು ಪಕ್ಕದಲ್ಲಿ ಹೋಗುತ್ತಿದ್ದವು. ಒಂದರ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ನಮ್ಮ ಕಿಟಕಿಗೆ ಬಗ್ಗಿ ಏನೋ ಕೂಗಿದ.

"ಏನಂದ?" ಎಂದೆ.

"ಹಿ ಸೆಡ್, ಮೈ ಗ್ರಾಂಡ್‌ಮದರ್ ವಾಕ್ಸ್ ಫಾಸ್ಟರ್," ಎಂದಳು ವರ್ಷಿಣಿ.

ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಕಿಸಕ್ಕನೆ ನಕ್ಕರು. ಅವರು ನಕ್ಕಿದ್ದನ್ನು ಕೇಳಿ ಬಹಳ ದಿನವಾಗಿತ್ತು.

ಲಿಮೂರು ದಾಟಿ, ರಿಫ್ಟ್ ಕಣಿವೆ ಕಾಣುವ ಕಟ್ಟೆಯ ಹತ್ತಿರ ಬಂದಾಗ ನಾನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ. ಮುಂದೆ ಘಾಟಿ ಇಳಿಯಬೇಕು. "ಊಟ ಇಲ್ಲೇ ಮುಗಿಸೋಣ, ನೋಟ ಚೆನ್ನಾಗಿದೆ," ಎಂದೆ. (ಮಂಜಿನಲ್ಲಿ ನೋಟವೇನೂ ಕಾಣುತ್ತಿರಲಿಲ್ಲ, ಘಾಟಿಯ ಮಾತು ನಾನು ಎತ್ತಲಿಲ್ಲ.)

ಪ್ರತಿಜ್ಞೆಯ ಪ್ರಕಾರ ಒಲೆ ಹಚ್ಚಿದೆ. ಉಪ್ಪಿಟ್ಟು ಎಂದರೆ ಏನು ಮಹಾ? ಒಗ್ಗರಣೆ ಹಾಕಿದೆ, ಸಾಸಿವೆಯೆಲ್ಲ ಹಾರಿ ಹಾಸಿಗೆಯ ಮೇಲೆ ಕೂತವು. ಉಪ್ಪು ಹಾಕಿದೆ. ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದು ಇನ್ನೊಮ್ಮೆ ಹಾಕಿದೆ. ನಿರುಪಮಾ ಕಟ್ಟೆಯ ಮೇಲೆ ಕೂತು, ನಾನು ಹೇಳಿದ್ದಂತೆಯೇ, ಒಲೆಯ ಕಡೆ ತಿರುಗಿಯೂ ನೋಡಲಿಲ್ಲ. ನಾನು ಕಣ್ಣಿನಲ್ಲಿ ಎಷ್ಟು ಬೇಡಿಕೊಂಡರೂ ನೋಡಲಿಲ್ಲ.

ವರ್ಷಿಣಿ ಒಂದು ಚಮಚ ಬಾಯಿಗೆ ಹಾಕಿಕೊಂಡು ಕಣಿವೆಯ ಕಡೆಗೆ ಓಡಿದಳು.

"ಬಿಡಿ ಅಳಿಯಂದ್ರೇ, ಈ ಕಡೆ ಬನ್ನಿ," ಎಂದು ಅತ್ತೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು. ಚೀಲದಿಂದ ಕಡಲೆಹಿಟ್ಟು ಬಂತು, ದಪ್ಪ ಮೆಣಸಿನಕಾಯಿ ಬಂತು, ಆಲೂಗಡ್ಡೆ ಬಂತು. ಹೊಗೆ ಹೋಗಲೆಂದು ಪಕ್ಕದ ದೊಡ್ಡ ಕಿಟಕಿಯನ್ನು ಮೇಲಕ್ಕೆತ್ತಿ ಕಡ್ಡಿ ಕೊಟ್ಟರು. ಬಾಣಲೆಯಲ್ಲಿ ಬಜ್ಜಿ ಚುಯ್ ಎಂದಿತು. ಆ ಚಳಿಯ ಮಂಜಿನಲ್ಲಿ ಅದರ ವಾಸನೆ ಎಷ್ಟು ದೂರ ಹೋಯಿತೋ ಗೊತ್ತಿಲ್ಲ. ಬಿಳಿ ಗಾಡಿ, ಎತ್ತಿದ ಕಿಟಕಿ, ಒಳಗೆ ಬಾಣಲೆ. ಇದು ತಿಂಡಿಯ ಅಂಗಡಿಯಲ್ಲದೆ ಮತ್ತೇನು ಎಂದುಕೊಂಡು ಮೊದಲು ಇಬ್ಬರು ಬಂದು ನಿಂತರು. ಆಮೇಲೆ ಒಂದು ಮಟಾಟು ನಿಂತು, ಅದರಲ್ಲಿದ್ದವರೆಲ್ಲ ಇಳಿದರು.

"ಭಜಿಯಾ!" ಎಂದು ಒಬ್ಬಾತ ಸಂಭ್ರಮದಿಂದ ಕೂಗಿದ. "ಪೆಸಾ ನ್ಗಾಪಿ?"

"ಎಷ್ಟು ದುಡ್ಡು ಅಂತ ಕೇಳ್ತಿದ್ದಾರೆ ಅತ್ತೆ. ಇದು ಅಂಗಡಿ ಅಲ್ಲ ಅಂತ ಹೇಳಿ ಕಳಿಸ್ತೀನಿ," ಎಂದೆ.

"ಹಸಿದು ಬಂದೋರನ್ನ ಕಳಿಸ್ತಾರೇನ್ರೀ? ವರ್ಷಿಣೀ, ದುಡ್ಡು ಬೇಡ ಅನ್ನೋಕೆ ಇವರ ಭಾಷೇಲಿ ಏನನ್ನಬೇಕೇ?"

"ಬುರೆ, ಅಜ್ಜಿ. ಮೀನ್ಸ್ ಫ್ರೀ."

ಅತ್ತೆ ಕಿಟಕಿಗೆ ಬಂದು, ಜಾಲರಿ ಸೌಟನ್ನು ಎತ್ತಿ ಹಿಡಿದು, "ಬುರೆ! ಬುರೆ!" ಎಂದು ಕೂಗಿದರು. ಗಟ್ಟಿಯಾಗಿ ಮಾತಾಡದ ನನ್ನ ಅತ್ತೆ! ಜನ ಹೋ ಎಂದು ನಕ್ಕು ಸಾಲಾಗಿ ನಿಂತರು. ನಿರುಪಮಾ ಕಟ್ಟೆಯಿಂದ ಎದ್ದು ಬಂದು ಆಲೂಗಡ್ಡೆ ಹೆಚ್ಚತೊಡಗಿದಳು, ವರ್ಷಿಣಿ ಕಾಗದದ ಕರವಸ್ತ್ರದಲ್ಲಿ ಕಟ್ಟಿ ಕೊಡತೊಡಗಿದಳು. ನನಗೆ ಸಾಲು ಸರಿಪಡಿಸುವ ಕೆಲಸ ಸಿಕ್ಕಿತು. ಅದೂ ಹೆಚ್ಚು ಹೊತ್ತು ನಡೆಯಲಿಲ್ಲ, ಸಾಲಿನವರು ನನಗಿಂತ ಚೆನ್ನಾಗಿ ನಿಂತಿದ್ದರು. "ಅಸಾಂಟೆ, ಮಾಮಾ," ಥ್ಯಾಂಕ್ಸ್ ಅಮ್ಮಾ, ಎಂದು ಒಬ್ಬೊಬ್ಬರೂ ಹೇಳಿದಾಗ ಅತ್ತೆ, "ತಿನ್ರಪ್ಪಾ, ತಿನ್ನಿ," ಎನ್ನುತ್ತಿದ್ದರು. ಎರಡು ಕಡೆಯವರಿಗೂ ಎಲ್ಲ ಅರ್ಥವಾಗುತ್ತಿತ್ತು.

ಹಿಟ್ಟು ಮುಗಿಯಿತು. ಬಾಣಲೆ ಒರೆಸಿಟ್ಟು ನೋಡಿದರೆ ಅತ್ತೆ ಕಾಣಲಿಲ್ಲ. ರಸ್ತೆಯ ಪಕ್ಕದಲ್ಲಿ ಜೋಳ ಸುಡುವ ಹೆಂಗಸಿನ ಒಲೆಯ ಮುಂದೆ, ಅವಳು ಕೊಟ್ಟ ಮಣೆಯ ಮೇಲೆ ಕೂತು, ನಿಂಬೆ ಹಚ್ಚಿದ ತೆನೆಯನ್ನು ತಿನ್ನುತ್ತಿದ್ದರು.

"ಅಮ್ಮಾ!" ನಿರುಪಮಾ ಕಿರುಚಿದಳು. "ಏನದು?"

"ಜೋಳ ಕಣೇ. ನಾನು ಬಜ್ಜಿ ಕೊಟ್ಟೆ, ಇವಳು ಜೋಳ ಕೊಟ್ಳು."

"ಹೊರಗಿಂದು!"

"ಜೋಳ ಒಳಗಡೆ ಬೆಳೆಯುತ್ತೇನೇ?"

ನಾವಿಬ್ಬರೂ ಅವರ ಮುಂದೆ ನಿಂತೆವು. ನಿರುಪಮಾಳ ಧ್ವನಿ ಇಳಿಯಿತು. "ನೀನು ಹೊರಗೆ ತಿನ್ನಲ್ಲ ಅಲ್ವೇನಮ್ಮಾ?"

"ನಾನೆಲ್ಲಿ ಹಾಗಂದೆ? ಬಂದ ಹೊಸದರಲ್ಲಿ ಯಾರದೋ ಮನೆ ಗೃಹಪ್ರವೇಶದ ದಿನ ಹೊಟ್ಟೆ ಸರಿ ಇರ್ಲಿಲ್ಲ, ಊಟ ಬೇಡ ಅಂದೆ. ಮಾರನೇ ದಿನದಿಂದ ನನಗೋಸ್ಕರ ಅಂತ ಮೂರು ಹೊತ್ತೂ ಮನೇಲೇ ಬೇಯ್ಸೋಕೆ ಶುರು ಮಾಡಿದ್ರಿ. ಪಾಪ, ಇಷ್ಟು ಪ್ರೀತಿಯಿಂದ ಮಾಡ್ತಾರಲ್ಲಾ, ಬೇಡ ಅಂದ್ರೆ ನೊಂದ್ಕೋತಾರೆ ಅಂತ ಸುಮ್ಮನಿದ್ದೆ."

"ಮತ್ತೆ ನಮ್ಮ ಜೊತೆ ಎಲ್ಲಿಗೂ ಯಾಕೆ ಬರ್ಲಿಲ್ಲ?"

"ಕರೆದ್ರೆ ತಾನೇ ಬರೋದು? ಒಂದ್ಸಲ ಅವರು ಹೋಗ್ತಾರೆ, ಒಂದ್ಸಲ ನೀನು ಹೋಗ್ತೀಯ. ಗಂಡ ಹೆಂಡ್ತಿ ಒಟ್ಟಿಗೆ ಬಾಗಿಲು ದಾಟಿದ್ದನ್ನೇ ನಾನು ನೋಡ್ಲಿಲ್ಲ." ಅತ್ತೆ ನನ್ನ ಕಡೆ ನೋಡಿ, ಸಂಕೋಚದಿಂದ ತೆನೆಯನ್ನು ಸೆರಗಿನ ಮರೆಗೆ ಸರಿಸಿದರು. "ನಿಮ್ಮಿಬ್ಬರ ಮಧ್ಯೆ ಏನೋ ಸರಿ ಇಲ್ಲ, ನನ್ನ ನೆಪ ಹೇಳ್ತಿದ್ದೀರಿ ಅಂದ್ಕೊಂಡೆ. ಹೆತ್ತ ತಾಯಿ, ಬಾಯಿಬಿಟ್ಟು ಹೇಗೆ ಕೇಳೋದು? ಅದಕ್ಕೇ ಸೋಮವಾರ ಸೋಮವಾರ ಒಪ್ಪೊತ್ತು ಇದ್ದು ಬೇಡ್ಕೊಂಡೆ, ಇವರಿಬ್ಬರನ್ನೂ ಒಂದು ಮಾಡಪ್ಪಾ ಅಂತ."

ನಿರುಪಮಾ ಅಲ್ಲೇ ನೆಲದ ಮೇಲೆ ಕುಸಿದು ಕೂತು ನಗತೊಡಗಿದಳು. ನಗುತ್ತ ನಗುತ್ತ ತಾಯಿಯ ತೊಡೆಯ ಮೇಲೆ ಮುಖವಿಟ್ಟಳು. ಆಮೇಲೆ ಅವಳ ಬೆನ್ನು ಅಲುಗುತ್ತಿದ್ದುದು ನಗುವಿನಿಂದಲ್ಲ ಎಂದು ಗೊತ್ತಾಗಿ ನಾನೂ ಪಕ್ಕದಲ್ಲಿ ಕೂತೆ. ಜೋಳದವಳು ಏನೂ ಕೇಳದೆ ನಮ್ಮಿಬ್ಬರಿಗೂ ಒಂದೊಂದು ತೆನೆ ಕೊಟ್ಟಳು. ಮಂಜು ಸರಿದು ಕೆಳಗೆ ಇಡೀ ಕಣಿವೆ ಬಿಸಿಲಿಗೆ ತೆರೆದುಕೊಂಡಿತು. ಕೀನ್ಯಾದಲ್ಲಿ ನಾವಿಬ್ಬರೂ ಒಟ್ಟಿಗೆ ಕೂತು ಏನನ್ನಾದರೂ ನೋಡಿದ್ದು ಅದೇ ಮೊದಲು.

ನೈವಾಶಾಕ್ಕೆ ಹೋಗಲಿಲ್ಲ. ಹೋಗುವುದಿರಲಿ, ತಿರುಗಿಸುವುದೂ ನನಗೆ ಬರಲಿಲ್ಲ. ನಾನು ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೆ ಕ್ಯಾರವಾನ್ ತನ್ನ ಸ್ವಂತ ಅಭಿಪ್ರಾಯದಂತೆ ಇನ್ನೊಂದು ಕಡೆ ಹೋಗುತ್ತಿತ್ತು. ಕೊನೆಗೆ ಬಜ್ಜಿ ತಿಂದ ಮಟಾಟುವಿನವರೇ ಇಳಿದು ಬಂದು, ಅದನ್ನು ಕೊಕ್ಕೆಯಿಂದ ಬಿಡಿಸಿ, ಕೈಯಲ್ಲೇ ತಳ್ಳಿ ನೈರೋಬಿಯ ಕಡೆಗೆ ಮುಖ ಮಾಡಿ ನಿಲ್ಲಿಸಿ, ಮತ್ತೆ ಕಟ್ಟಿಕೊಟ್ಟರು.

ಸಂಜೆ ಗಾಡಿ ಒಪ್ಪಿಸಲು ಹೋದಾಗ ಡೆಂಜಿಲ್ ಗೇಟಿನಲ್ಲೇ ನಿಂತಿದ್ದರು. "ಏನು, ತಗೊಳ್ತೀರಾ?"

"ಇಲ್ಲ ಸರ್. ನಮಗೆ ಬೇಕಾಗಿದ್ದು ಇದಲ್ಲ ಅಂತ ಗೊತ್ತಾಯ್ತು."

"ನನಗೂ ಹದಿನೈದು ವರ್ಷ ಬೇಕಾಯ್ತು ಅದು ಗೊತ್ತಾಗ್ಲಿಕ್ಕೆ," ಎಂದು ಅವರು ನಕ್ಕರು. ನಾವು ಚೀಲ ಇಳಿಸುವಷ್ಟರಲ್ಲಿ ಕೋಳಿಗಳು ಒಳಗೆ ಹೋಗಿಯಾಗಿತ್ತು.

ಡಿಸೆಂಬರಿನಲ್ಲಿ ಹೊಸ ರೈಲು ಹತ್ತಿ ನಾಲ್ವರೂ ಮೊಂಬಾಸಾಕ್ಕೆ ಹೋದೆವು. ಸಮುದ್ರದ ಎದುರಿಗೇ ಹೋಟೆಲು. ಅತ್ತೆ ಮೊದಲ ದಿನವೇ ಕಸಾವದ ಚಿಪ್ಸು, ತೆಂಗಿನಹಾಲಿನ ಅನ್ನ, ಹೆಸರೇ ಗೊತ್ತಿಲ್ಲದ ಎರಡು ಬಗೆಯ ಹಣ್ಣು, ಎಲ್ಲವನ್ನೂ ತಿಂದು, ತೇಗಿ, ರಾತ್ರಿ ಮಗುವಿನ ಹಾಗೆ ಮಲಗಿದರು. ನಾನೂ ಅಷ್ಟನ್ನೇ ತಿಂದೆ. (ಸ್ವಲ್ಪ ಹೆಚ್ಚು ತಿಂದೆ. ಊಟ ಕೋಣೆಯ ಬಾಡಿಗೆಯಲ್ಲೇ ಸೇರಿತ್ತು.) ಬೆಳಗಾಗುವಷ್ಟರಲ್ಲಿ ನನ್ನ ಹೊಟ್ಟೆಯಲ್ಲಿ ಹಿಂದೂ ಮಹಾಸಾಗರವೇ ಬಂದು ನೆಲೆಸಿತ್ತು.

ಅತ್ತೆ ತಂದಿದ್ದ ರಾಗಿ ಹುರಿಹಿಟ್ಟನ್ನು ಹೋಟೆಲಿನ ಕೆಟಲಿನ ಬಿಸಿನೀರಿನಲ್ಲಿ ಕಲಸಿ, ಚಿಟಿಕೆ ಉಪ್ಪು ಹಾಕಿ, ಗಂಜಿ ಮಾಡಿ ಬಾಲ್ಕನಿಯಲ್ಲಿ ಕೂತಿದ್ದ ನನ್ನ ಮುಂದಿಟ್ಟರು.

"ನಾವೂ ಇಲ್ಲೇ ಇರ್ತೀವಿ ಬಿಡಿ," ಎಂದಳು ನಿರುಪಮಾ. ಹೇಳುವಾಗಲೇ ಅವಳ ಒಂದು ಕಾಲು ಚಪ್ಪಲಿಯೊಳಗಿತ್ತು.

"ಬೇಡ, ನೀನೂ ಮಗೂನೂ ಹೋಗ್ಬನ್ನಿ," ಎಂದೆ. "ಅತ್ತೆ ಇರ್ತಾರಲ್ಲ."

"ನಾನ್ಯಾಕೆ ಇರ್ಲಿ?" ಅತ್ತೆ ಗಾಬರಿಯಿಂದ ಹಣೆಯ ಮೇಲೆ ಟೋಪಿ ಸರಿಮಾಡಿಕೊಂಡರು. ಅದು ವರ್ಷಿಣಿಯ ಹುಲ್ಲಿನ ಟೋಪಿ. "ಅಳಿಯಂದ್ರೇ, ಗಂಜಿ ಆರೋದ್ರೊಳಗೆ ಕುಡೀರಿ. ಹೊರಗಿಂದೇನೂ ತಿನ್ನೋಕೆ ಹೋಗ್ಬೇಡಿ, ನಿಮಗೆ ಆಗಿಬರಲ್ಲ. ಬಾಗಿಲು ಹಾಕ್ಕೊಳ್ಳಿ."

ಮೂವರೂ ಹೋದರು. ಸ್ವಲ್ಪ ಹೊತ್ತಿಗೆ ಕೆಳಗೆ ಮರಳಿನಲ್ಲಿ ಕಾಣಿಸಿಕೊಂಡರು, ನಡುವೆ ಅತ್ತೆ, ಆ ಕಡೆ ಈ ಕಡೆ ಮಗಳು ಮೊಮ್ಮಗಳು. ಅಲೆ ಬಂದು ಅತ್ತೆಯ ಸೀರೆಯನ್ನು ಮೊಣಕಾಲಿನವರೆಗೂ ನೆನೆಸಿತು. ಅವರ ಕೂಗು ಎರಡನೇ ಮಹಡಿಯವರೆಗೂ ಕೇಳಿಸಿತು. ನಾನು ಕೈ ಬೀಸಿದೆ. ಅತ್ತೆ ತಲೆ ಎತ್ತಿ ನೋಡಿ, ಕೈ ಬೀಸದೆ, ಲೋಟ ಎತ್ತಿ ಕುಡಿಯುವಂತೆ ಸನ್ನೆ ಮಾಡಿದರು.

ನಾನು ಗಂಜಿ ಕುಡಿದೆ.